ಗಂಗೂಬಾಯಿಯವರು ಎಲ್ಲಿ ಕೂತು ಹಾಡ್ತಿದ್ದಾರೆ?

ಒಂಬತ್ತು ವರ್ಷದ ಹಿಂದೆ ಸೊಂಟದೆತ್ತರದ ಟವರ್ ಸ್ಪೀಕರ್ ಜೋಡಿಯೊಂದನ್ನು ಮನೆಗೆ ತಂದಿದ್ದೆ. ಅಂಗಡಿಯಲ್ಲಿ ಕೇಳಿದಾಗ ಎದೆ ಝುಂ ಅಂದಿತ್ತು. ಮನೆಗೆ ಬಂದ ಮೇಲೆ ಝುಂ ಅಂದಿದ್ದು ಕಿಟಕಿ ಗಾಜು ಮಾತ್ರ. ನಮ್ಮ ಹಾಲು 11 ಅಡಿಗೆ 14 ಅಡಿ. ನೆಲಕ್ಕೆ ನುಣುಪು ಟೈಲ್ಸ್, ಮೂರು ಕಡೆ ಖಾಲಿ ಗೋಡೆ. ತಬಲಾದ ಎಡ ಬಾರಿಸಿದರೆ ಪಕ್ಕದ ಮನೆಯಲ್ಲಿ ಯಾರೋ ಸಾಮಾನು ಎಳೆದಾಡಿದ ಹಾಗೆ ಕೇಳುತ್ತಿತ್ತು. ಆರೇ ತಿಂಗಳಿಗೆ ಅರ್ಧ ಬೆಲೆಗೆ ಸ್ನೇಹಿತರೊಬ್ಬರಿಗೆ ದಾಟಿಸಿದೆ. ಅವರ ಮನೆಯಲ್ಲಿ ಅದು ಚೆನ್ನಾಗಿಯೇ ಹಾಡುತ್ತಿದೆ, ಆ ಮಾತು ಬೇರೆ.

ಈ ವರ್ಷ ಮತ್ತೆ ಆಸೆ ಹುಟ್ಟಿತು. ಆದರೆ ಈ ಸಲ ರಿವ್ಯೂ ಓದೋದಕ್ಕೆ ಮೊದಲು ಒಂದು ಕೆಲಸ ಮಾಡಿದೆ. ಒಂದು ವಾರ ನಾನು ನಿಜವಾಗಿ ಏನು ಕೇಳುತ್ತೇನೆ ಅಂತ ಕ್ಯಾಲೆಂಡರಿನ ಹಿಂದೆ ಬರೆಯುತ್ತಾ ಹೋದೆ. ಒಟ್ಟು 31 ಸಾಲು ಬಂತು. ಅದರಲ್ಲಿ 24 ಹಿಂದೂಸ್ತಾನಿ ಗಾಯನದ ಖಯಾಲ್. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್. ನಾನು ಧಾರವಾಡದವನು, ಇನ್ನೇನು ಕೇಳಲಿ! ಮುಕ್ಕಾಲು ಪಾಲು ಹಳೆಯ ರೆಕಾರ್ಡಿಂಗು, ಮೋನೋ (ಸ್ಟೀರಿಯೋ ಅಲ್ಲ). ಕೆಲವು 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟಿನಿಂದ ಇಳಿಸಿದ್ದು, ಇನ್ನು ಕೆಲವು ಯಾರದೋ ಮನೆಯ ಟೇಪು. ಅಂದರೆ ನನಗೆ ಬೇಕಾಗಿದ್ದು ಒಬ್ಬ ಮನುಷ್ಯನ ದನಿಯನ್ನು ಸರಿಯಾಗಿ ಕೇಳಿಸುವ ಪೆಟ್ಟಿಗೆ. ಸಿನಿಮಾ ಥಿಯೇಟರ್ ಅಲ್ಲ.

ಹಾಗಾದರೆ ಬೇಸ್, ಅಂದರೆ ಕೆಳಗಿನ ಸ್ವರಗಳ ಸದ್ದು, ಎಷ್ಟು ಬೇಕು? ಇದಕ್ಕೆ ತಂಬೂರಿಯೇ ಉತ್ತರ ಕೊಡುತ್ತದೆ. ಹಾರ್ಮೋನಿಯಂನವರು ಕರಿ ಒಂದು ಅಂತಾರಲ್ಲ, ಆ ಸುರಕ್ಕೆ ಹಾಡುವ ಗಂಡಸಿನ ಷಡ್ಜ ಸುಮಾರು 139 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ತಂಬೂರಿಯ ಕೊನೆಯ ತಂತಿ, ಖರ್ಜ, ಅದರ ಅರ್ಧ. ಹತ್ತಿರ ಹತ್ತಿರ 70. ಅದಕ್ಕಿಂತ ಕೆಳಗೆ ನನ್ನ ಸಂಗೀತದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಐದಿಂಚಿನ ವೂಫರ್ (ಕೆಳಗಿನ ಸ್ವರ ಹೊರಡಿಸುವ ದೊಡ್ಡ ಕೋನ್) ಇರುವ ಒಳ್ಳೆಯ, ಕಪಾಟಿನಲ್ಲಿ ಇಡುವಷ್ಟು ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಅಲ್ಲಿಯವರೆಗೆ ಆರಾಮಾಗಿ ಇಳಿಯುತ್ತದೆ. ಟವರ್‌ಗೆ ಕೊಟ್ಟ ದುಡ್ಡೆಲ್ಲ ನಾನು ಕೇಳದೇ ಇರುವ 30, 40 ಹರ್ಟ್ಸ್‌ಗೆ ಹೋಗಿತ್ತು. ನನ್ನ ಮಗನಿಗೆ ಅದೇ ಬೇಕು. ಅವನ ಹತ್ತಿರ ಹೆಡ್‌ಫೋನ್ ಇದೆ, ಸಾಕು.

ಪೆನ್‌ಡ್ರೈವಿಗೆ ಐದು ತುಣುಕು ಹಾಕಿಕೊಂಡು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಮೊದಲು ತನ್ನದೇ ಹಾಕಿದ. ಗಿಟಾರು, ಪಿಸುಗುಟ್ಟುವ ಹೆಣ್ಣು ದನಿ, ಗಾಜಿನಂಥ ಸದ್ದು. ಅಂಥ ರೆಕಾರ್ಡಿಂಗ್ ಯಾವ ಡಬ್ಬದಲ್ಲಿ ಹಾಕಿದರೂ ಚೆನ್ನಾಗೇ ಕೇಳುತ್ತೆ. "ಸರ್, ಈಗ ಇದನ್ನ ಕೇಳಿ" ಅಂತ ಹೆಚ್ಚು ಬೆಲೆಯ ಜೋಡಿಗೆ ಬದಲಾಯಿಸಿದ. ಬದಲಾಯಿಸುವಾಗ ಅವನ ಹೆಬ್ಬೆರಳು ರಿಮೋಟಿನ ವಾಲ್ಯೂಮ್ ಮೇಲೆ ಎರಡು ಸಲ ಒತ್ತಿದ್ದು ನನಗೆ ಕಾಣಿಸಿತು. ಸ್ವಲ್ಪ ಜಾಸ್ತಿ ಸದ್ದಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತೆ. ಎರಡನ್ನೂ ಒಂದೇ ಮಟ್ಟಕ್ಕೆ ತರಿಸಿ ಮತ್ತೆ ಕೇಳಿದೆ. ಅರ್ಧ ವ್ಯತ್ಯಾಸ ಅಲ್ಲೇ ಮಾಯ.

ಆಮೇಲೆ ನನ್ನ ಪೆನ್‌ಡ್ರೈವ್. ಅಂಗಡಿಯ ಅತಿ ದುಬಾರಿ ಜೋಡಿ ಅಲ್ಲೇ ಸೋತಿತು. ಮೇಲಿನ ಸ್ವರ ಹೊರಡಿಸುವ ಅದರ ಟ್ವೀಟರ್ ಎಷ್ಟು ಚುರುಕು ಅಂದರೆ ಪ್ಲೇಟಿನ ಚರಚರ ಎಲ್ಲ ಮುಂದೆ ಬಂದು ನಿಂತಿತು. ಮನ್ಸೂರರು ಹಿಂದೆಲ್ಲೋ, ಕೊಬ್ಬರಿ ಎಣ್ಣೆಯಲ್ಲಿ ಹಪ್ಪಳ ಕರಿಯೋದು ಮುಂದೆ. ಹೊಸ ರೆಕಾರ್ಡಿಂಗ್ ಕೇಳುವವರಿಗೆ ಅದೇ ಸ್ಪೀಕರ್ ಬಂಗಾರ ಇರಬಹುದು. ಇನ್ನೊಂದು ಜೋಡಿ ಮೆತ್ತಗಿತ್ತು, ಆದರೆ ತಂಬೂರಿಯ ಜವಾರಿ ಸತ್ತೇ ಹೋಗಿತ್ತು. ಫ್ಯಾನ್ ತಿರುಗಿದ ಹಾಗೆ ಒಂದೇ ಗುಂಯ್. ಜವಾರಿ ಅಂದರೆ ತಂತಿಯ ಕೆಳಗೆ ದಾರ ಸಿಕ್ಕಿಸಿ ಹುಟ್ಟಿಸುವ ಆ ಮೇಲಿನ ಸ್ವರಗಳ ಮಳೆ. ಅದು ಸೊಳ್ಳೆಯೂ ಆಗಬಾರದು, ಫ್ಯಾನೂ ಆಗಬಾರದು. ನನ್ನ ಪ್ರಕಾರ ಸ್ಪೀಕರ್ ಪರೀಕ್ಷೆಗೆ ಬರೀ ತಂಬೂರಿ ಹತ್ತು ನಿಮಿಷ ಕೇಳಿದರೆ ಸಾಕು. ಆ ಹುಡುಗನಿಗೆ ಮಾತ್ರ ತುಂಬ ಬೋರಾಯಿತು, ಪಾಪ.

ದನಿಗೋಸ್ಕರವೇ ಮಾಡಿದ ಸ್ಪೀಕರ್ ಒಂದಿದೆ. 1970ರ ದಶಕದಲ್ಲಿ ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಡಲು ಎಲ್‌ಎಸ್ 3/5ಎ ಅಂತ ಪುಟ್ಟ ಪೆಟ್ಟಿಗೆ ಮಾಡಿದರು. ಒಂದಡಿ ಎತ್ತರ, ಅಷ್ಟೇ. ಇಕ್ಕಟ್ಟು ಜಾಗದಲ್ಲಿ ಮಾತು ಮಾತಾಗಿ ಕೇಳಬೇಕು ಅನ್ನೋದು ಅದರ ಉದ್ದೇಶ. ಅದರ ಇವತ್ತಿನ ಬೆಲೆ ನೋಡಿ ನಾನು ಟ್ಯಾಬ್ ಮುಚ್ಚಿದೆ. ಕೊನೆಗೆ ಮನೆಗೆ ಬಂದದ್ದು ಇಂಗ್ಲೆಂಡಿನಲ್ಲಿ ಹುಟ್ಟಿದ ಕಂಪನಿ ವಾರ್ಫ್‌ಡೇಲ್‌ನ ಡೈಮಂಡ್ ಸಾಲಿನ ಚಿಕ್ಕ ಜೋಡಿ. ಐದಿಂಚಿನ ವೂಫರ್. ಮೇಲಿನ ಸ್ವರಗಳು ತುಸು ಸಂಕೋಚದವು. ಹಳೆಯ ಪ್ಲೇಟಿಗೆ ಆ ಸಂಕೋಚವೇ ವರ. ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಇಷ್ಟು ಚಿಕ್ಕ ಹಾಲಿನಲ್ಲಿ ಒಬ್ಬರು ಹಾಡುವಷ್ಟು ಸದ್ದಿಗೆ ಒಂದೆರಡು ವಾಟ್ ಸಾಕು, ಇರುವ 40 ವಾಟಿನದೇ ಜಾಸ್ತಿ.

ಮೊದಲ ದಿನ ಗೋಡೆಗೆ ತಾಗಿಸಿ ಇಟ್ಟೆ. ಹಳೆಯ ಗುಂ ಗುಂ ವಾಪಸ್ ಬಂತು. ಒಂದೂವರೆ ಅಡಿ ಮುಂದೆ ತಂದೆ, ಟೈಲ್ಸ್ ಮೇಲೆ ಊರಿಂದ ತಂದ ಜಮಖಾನ ಹಾಸಿದೆ. ಉಳಿದಿದ್ದಕ್ಕೆ ಪೆಟ್ಟಿಗೆಯ ಹಿಂದಿನ ತೂತಿಗೆ ಮಗನ ಸ್ಕೂಲಿನ ಕಾಲುಚೀಲ ತುರುಕಿದೆ. ನಗಬೇಡಿ, ಕೆಲವು ಕಂಪನಿಗಳು ಇದೇ ಕೆಲಸಕ್ಕೆ ಫೋಮಿನ ಬಿರಡೆ ಕೊಡುತ್ತವೆ.

ಆದರೂ ಏನೋ ಸರಿಯಿಲ್ಲ. ಎರಡು ದಿನ ಸ್ಪೀಕರನ್ನೇ ಬೈದುಕೊಂಡೆ. ಆಗ ಊರಿಂದ ಅವ್ವ ಬಂದಿದ್ದಳು. ಜಮಖಾನದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ ಗಂಗೂಬಾಯಿಯವರನ್ನು ಕೇಳುತ್ತಿದ್ದಳು. ಗಂಟಲಿನ ತೊಂದರೆಗೆ ಚಿಕಿತ್ಸೆ ಆದ ಮೇಲೆ ಗಡುಸಾದ ಆ ದನಿ ಎದುರು ಬಂದು ಕೂರಬೇಕು. ಅವ್ವ ಕೈ ನಿಲ್ಲಿಸಿ ಕೇಳಿದಳು, "ಏನಪಾ, ಎಲ್ಲಿ ಕುಂತು ಹಾಡ್ಲಿಕ್ಕತ್ತಾರ ಅವರು? ಮನಿ ತುಂಬಾ ಅದಾರ, ಎದುರಿಗೆ ಇಲ್ಲ."

ನನಗೆ ತಟ್ಟನೆ ಹೊಳೆಯಿತು. ಮೋನೋ ರೆಕಾರ್ಡಿಂಗ್ ಅಂದರೆ ಎರಡೂ ಸ್ಪೀಕರಿನಿಂದ ಒಂದೇ ಸದ್ದು. ಅದು ಸರಿಯಾಗಿ ನಡುವಿನಿಂದ, ಖಾಲಿ ಜಾಗದಿಂದ ಬರಬೇಕು. ಹಿಂದೆ ಹೋಗಿ ನೋಡಿದರೆ ಎಡಗಡೆಯದಕ್ಕೆ ಕೆಂಪು ವೈರನ್ನು ಕಪ್ಪಿನ ಜಾಗಕ್ಕೆ ಸಿಕ್ಕಿಸಿದ್ದೆ. ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ. ಕೆಳಗಿನ ಸ್ವರ ಒಂದನ್ನೊಂದು ತಿಂದುಹಾಕುತ್ತವೆ, ದನಿಗೆ ನೆಲೆಯೇ ಸಿಗುವುದಿಲ್ಲ. ಬದಲಾಯಿಸಿ ಮತ್ತೆ ಹಾಕಿದೆ. ಅವ್ವ ತಲೆ ಎತ್ತಲಿಲ್ಲ. "ಹಾಂ, ಈಗ ಬಂದ್ರ ನೋಡು" ಅಂದು ಅವರೆಕಾಯಿಗೆ ಕೈ ಹಾಕಿದಳು.

ಈಗ ಉಳಿದಿರುವುದು ಸ್ಟ್ಯಾಂಡ್. ಸದ್ಯಕ್ಕೆ ಎರಡು ಟೀಪಾಯಿ ಮೇಲೆ ಕೂತಿವೆ. ಟ್ವೀಟರ್ ಕಿವಿಯ ಎತ್ತರಕ್ಕೆ ಇರಬೇಕು. ನಾನು ಸೋಫಾ ಮೇಲೆ ಕೂರುವವನು, ಅವ್ವ ಕೆಳಗೆ. ಅವಳು ಯುಗಾದಿವರೆಗೂ ಇರ್ತಾಳೆ. ಬಡಗಿ ಎತ್ತರ ಕೇಳಿ ಎರಡು ಸಲ ಫೋನ್ ಮಾಡಿದ, ನಾನಿನ್ನೂ ಹೇಳಿಲ್ಲ.