ಅಪ್ಪನ ಹಣೆಯ ಹಿಂದೆ

ಮಗಳಿಗೆ ಹನ್ನೊಂದನೇ ಕ್ಲಾಸಿನಲ್ಲಿ ಸೈಕಾಲಜಿ ಇದೆ. ಮೊನ್ನೆ ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. "ಅಮ್ಮಾ, ಮನುಷ್ಯ ಹೀಗೆ ನಡೆದುಕೊಳ್ಳೋದಕ್ಕೆಲ್ಲ ಮೆದುಳು, ಹಾರ್ಮೋನು, ಜೀನು ಇವೇ ಕಾರಣ ಅಂತಿದೆ. ಹೌದಾ?" ಒಗ್ಗರಣೆ ಸೀಯುವವರೆಗೂ ನಾನು ಸುಮ್ನೆ ನಿಂತಿದ್ದೆ. ಅಪ್ಪ ಹೊರಗೆ ಹಾಲ್‌ನಲ್ಲೇ ಕೂತಿದ್ದರು.

ಅಪ್ಪ ಮೂವತ್ತು ವರ್ಷ ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತವರು. ಡೊಂಬಿವಲಿಯಿಂದ ಬೆಳಗಿನ ಸ್ಲೋ ಲೋಕಲ್ ರೈಲು ಹಿಡಿದು ಹೋಗುತ್ತಿದ್ದರು. ಒಂದು ರೂಪಾಯಿ ಲೆಕ್ಕ ತಪ್ಪಿದರೂ ರಾತ್ರಿ ನಿದ್ದೆ ಇಲ್ಲ. ಚಹಾಕ್ಕೆ ಸಕ್ಕರೆ ಬೇಡ. ಮಾತು ಕಡಿಮೆ. ಅಮ್ಮನಿಗೆ ತಲೆನೋವು ಬಂದರೆ ಯಾರೂ ಹೇಳದೆ ತಾವೇ ಶುಂಠಿ ತೇದು ಹಣೆಗೆ ಹಚ್ಚುತ್ತಿದ್ದರು.

58ನೇ ವಯಸ್ಸಿನಲ್ಲಿ ಮೊದಲು ಖಾಲಿಯಾಗತೊಡಗಿದ್ದು ಬೆಲ್ಲದ ಡಬ್ಬಿ. ನಡುರಾತ್ರಿ ಎದ್ದು ತಿನ್ನುತ್ತಿದ್ದರು. ಆಮೇಲೆ ಗಿರಾಕಿಗಳಿಗೆ ಬಾಯಿಗೆ ಬಂದ ಹಾಗೆ ಬೈದರು ಎಂದು ದೂರು ಬಂತು. ಒಂದು ಸಂಜೆ ಸ್ಟೇಷನ್ನಿನಲ್ಲಿ ಗುರುತು ಪರಿಚಯ ಇಲ್ಲದ ಹುಡುಗನ ಕೈಯಿಂದ ವಡಾಪಾವ್ ಕಿತ್ತುಕೊಂಡರು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ದಿನ ಬಾಗಿಲಲ್ಲಿ ನಿಂತು ನೋಡಿದರು. ನೋಡಿ, "ಊಟ ಎಷ್ಟು ಹೊತ್ತಿಗೆ?" ಎಂದು ಕೇಳಿದರು.

ಆ ಮಾತು ಅಮ್ಮನನ್ನು ಮುರಿದ ಕೈಗಿಂತ ಜಾಸ್ತಿ ನೋಯಿಸಿತು.

ನೆಂಟರು ಒಬ್ಬೊಬ್ಬರು ಒಂದೊಂದು ಹೇಳಿದರು. ಒಳಗಿದ್ದ ಗುಣ ಈಗ ಹೊರಗೆ ಬಂತು ಎಂದರು. ಅಮ್ಮನೇ ಏನೋ ಅಂದಿರಬೇಕು ಎಂದೂ ಒಬ್ಬರು ಹೇಳಿದರು. ಊರಿಗೆ ಹೋಗಿ ದೈವದ ಮುಂದೆಯೂ ನಿಂತು ಬಂದೆವು. ಒಬ್ಬ ಡಾಕ್ಟರು ಇದು ವಯಸ್ಸಿನ ಬೇಸರ ಎಂದು ನಿದ್ದೆ ಮಾತ್ರೆ ಬರೆದರು. ಅಪ್ಪನಿಗೆ ಮರೆವು ಇರಲಿಲ್ಲ ನೋಡಿ. ಹಳೆ ಗಿರಾಕಿಗಳ ಹೆಸರು, ಲೋಕಲ್ ಹೊರಡುವ ಹೊತ್ತು ಎಲ್ಲ ಸರಿಯಾಗಿ ಹೇಳುತ್ತಿದ್ದರು. ಹಾಗಾಗಿ ಇದು ಮೆದುಳಿನ ಕಾಯಿಲೆ ಎಂದು ಯಾರಿಗೂ ಹೊಳೆಯಲಿಲ್ಲ. ಹೀಗೇ ಎರಡು ವರ್ಷ ಹೋಯಿತು.

ಕೊನೆಗೆ ಎಂಆರ್‌ಐ ಮಾಡಿಸಿದಾಗ ನರರೋಗದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಣೆಯ ಹಿಂದಿನ ಮೆದುಳಿನ ಭಾಗ ಕುಗ್ಗಿತ್ತು. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ, ಅಂದರೆ ಮೆದುಳಿನ ಮುಂದಿನ ಮತ್ತು ಪಕ್ಕದ ಭಾಗಗಳು ಸವೆಯುವ ಕಾಯಿಲೆ ಎಂದರು. ಇಂಥ ರೋಗಿಯೊಬ್ಬರ ಬಗ್ಗೆ ಪ್ರಾಗ್‌ನ ವೈದ್ಯ ಆರ್ನಾಲ್ಡ್ ಪಿಕ್ 1892ರಲ್ಲೇ ಬರೆದಿದ್ದಾರೆ. ಹೆಚ್ಚಾಗಿ 45ರಿಂದ 65ರ ಒಳಗೆ ಶುರುವಾಗುತ್ತದೆ. ಆಲ್ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ನೆನಪು ಮೊದಲು ಕೈಕೊಡುತ್ತದೆ. ಇದರಲ್ಲಿ ಅನೇಕರಿಗೆ ನಡತೆಯೇ ಮೊದಲು ಕೆಡುತ್ತದೆ. ನಾಲಿಗೆಗೆ ಬಂದದ್ದನ್ನು ತಡೆದುಕೊಳ್ಳುವುದು, ಇನ್ನೊಬ್ಬರ ನೋವು ಮನಸ್ಸಿಗೆ ತಟ್ಟುವುದು, ತಿಂದದ್ದು ಸಾಕು ಅನ್ನಿಸುವುದು, ಇವೆಲ್ಲ ಒಂದೊಂದಾಗಿ ಹೋಗುತ್ತವೆ. ಸಿಹಿಯ ಆಸೆ ಈ ಕಾಯಿಲೆಯ ಗುರುತುಗಳಲ್ಲಿ ಒಂದು ಎಂದು ಡಾಕ್ಟರು ಹೇಳಿದಾಗ ನನಗೆ ಬೆಲ್ಲದ ಡಬ್ಬಿ ಕಣ್ಣ ಮುಂದೆ ಬಂತು.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ವಾ?"

ವಾಸಿಯಾಗುವ ಕಾಯಿಲೆ ಅಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಆ ರಾತ್ರಿ ಅಮ್ಮ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಊಟ ಮಾಡಿದರು. ಮನುಷ್ಯನನ್ನು ಬರೀ ಮೆದುಳು ಅಂದುಬಿಟ್ಟರೆ ಹೃದಯವೇ ಇಲ್ಲದ ಮಾತಾಯಿತು ಎನ್ನುವವರಿಗೆ ನಾನು ಆ ರಾತ್ರಿಯ ಬಗ್ಗೆ ಹೇಳುತ್ತೇನೆ.

ಮಗಳ ಪುಸ್ತಕದಲ್ಲಿ ಫಿನಿಯಸ್ ಗೇಜ್ ಕಥೆ ಇತ್ತು. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವಾಗ ಸುಮಾರು ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ನುಗ್ಗಿ ನೆತ್ತಿಯಿಂದ ಹೊರಗೆ ಬಂತು. ಅವನು ಬದುಕಿದ. ಆದರೆ ಒರಟನಾದ. ಇವನು ಆ ಗೇಜ್ ಅಲ್ಲ ಎಂದು ಗೆಳೆಯರೇ ಹೇಳಿದರಂತೆ. ಪುಸ್ತಕ ಅಲ್ಲಿಗೇ ನಿಲ್ಲಿಸಿದೆ, ಅದು ನನಗೆ ಬೇಸರ. ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ದಿನವೂ ಅದೇ ಹೊತ್ತು, ಅದೇ ಕೆಲಸ. ಆ ಕ್ರಮವೇ ಅವನನ್ನು ಎಷ್ಟೋ ಸುಧಾರಿಸಿರಬಹುದು ಎಂದು ಕೆಲವು ಸಂಶೋಧಕರು ಹೇಳುತ್ತಾರೆ.

ಒಂದು ವಿಷಯಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಈಗ ನನ್ನ ತಮ್ಮ ಜೋರಾಗಿ ಮಾತಾಡಿದರೂ ಸಾಕು, ನೆಂಟರು "ಅಪ್ಪನ ಮೆದುಳು" ಅನ್ನುತ್ತಾರೆ. ಈ ಕಾಯಿಲೆ ಕೆಲವು ಮನೆತನಗಳಲ್ಲಿ ಜೀನಿನ ಮೂಲಕ ಬರುವುದು ನಿಜ. ಎಲ್ಲರಿಗೂ ಹಾಗಲ್ಲ. ಜೀನು ಇದ್ದ ಮಾತ್ರಕ್ಕೆ ಎಲ್ಲವೂ ಹಣೆಬರಹವೂ ಅಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಬಂದರೆ ಎಷ್ಟೋ ಸಲ ಇನ್ನೊಬ್ಬರಿಗೆ ಬರುವುದೇ ಇಲ್ಲ. ತಮ್ಮನ ಸಿಟ್ಟು ತಮ್ಮನದೇ. ಅದಕ್ಕೆ ಅವನೇ ಉತ್ತರ ಹೇಳಬೇಕು.

ಮಗಳಿಗೆ ಇದನ್ನೆಲ್ಲ ಹೇಳಿದೆ. ಗೇಜ್ ಕಥೆ ಓದಿದ ಮೇಲೆ ಅಪ್ಪನಿಗೂ ಒಂದು ಕೆಲಸ ಹುಡುಕಿದ್ದೇವೆ. ಬೆಳಗಿನ ಚಹಾ ಆದ ಮೇಲೆ ಅವರ ಮುಂದೆ ಒಂದು ಸ್ಟೀಲ್ ತಟ್ಟೆಯಲ್ಲಿ ಚಿಲ್ಲರೆ ಇಡುತ್ತೇವೆ. ಒಂದು, ಎರಡು, ಐದು, ಹತ್ತು ಎಂದು ಅವರು ಬೇರೆ ಬೇರೆ ಕಟ್ಟಿ ನಿಲ್ಲಿಸುತ್ತಾರೆ. ಆ ಒಂದು ಗಂಟೆ ಬೈಗುಳ ಇಲ್ಲ, ಬೆಲ್ಲದ ಹುಡುಕಾಟ ಇಲ್ಲ.

ನಿನ್ನೆ ಮಗಳು ಪಕ್ಕದಲ್ಲಿ ಕೂತು, "ಅಜ್ಜ, ಒಟ್ಟು ಎಷ್ಟಾಯ್ತು?" ಎಂದು ಕೇಳಿದಳು.

"ಇನ್ನೂರ ಹದಿನಾರು" ಎಂದರು, ತಲೆ ಎತ್ತದೆ.

ಅವಳು ಎಣಿಸಿ ನೋಡಿದಳು. ಸರಿಯಿತ್ತು.