ಗಿಂಜಾದ ನಡುರಸ್ತೆಯಲ್ಲಿ ಒಂದು ಭಾನುವಾರ

ಜಪಾನಿನಲ್ಲಿ ಸರ್ಕಾರ ಪ್ರತಿ ವರ್ಷ ತೆರಿಗೆ ಲೆಕ್ಕಕ್ಕೆಂದು ರಸ್ತೆಬದಿ ಜಾಗಗಳ ದರ ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ದಶಕಗಳಿಂದ ಮೊದಲ ಹೆಸರು ಟೋಕಿಯೋದ ಗಿಂಜಾದಲ್ಲಿರುವ ಒಂದು ಅಂಗಡಿಯ ಮುಂದಿನ ಜಾಗದ್ದು. ಅಂಗಡಿಯ ಹೆಸರು ಕ್ಯುಕ್ಯೊದೊ. ದೇಶದ ಅತಿ ದುಬಾರಿ ನೆಲದ ಮೇಲೆ ಅವರು ಮಾರುವುದು ಊದುಬತ್ತಿ, ಕುಂಚ, ಮಸಿ ಮತ್ತು ಕಾಗದ.

ಇದನ್ನು ಕೇಳಿದ ಮೇಲೆ ಗಿಂಜಾ ನೋಡಲೇಬೇಕು ಅನ್ನಿಸಿತ್ತು. ದೊಡ್ಡ ಬ್ರ್ಯಾಂಡುಗಳ ಮಳಿಗೆ ಈಗ ಎಲ್ಲ ದೊಡ್ಡ ಊರಲ್ಲೂ ಇವೆ, ಅದರಲ್ಲಿ ಹೊಸದೇನಿಲ್ಲ. ಅವುಗಳ ಪಕ್ಕದಲ್ಲೇ ಕಾಗದದ ಅಂಗಡಿ, ಬನ್ನಿನ ಅಂಗಡಿ ಉಳಿದುಕೊಂಡಿವೆಯಲ್ಲ, ಅದನ್ನು ನೋಡಬೇಕಿತ್ತು. ಅಕ್ಕ ಟೋಕಿಯೋದಲ್ಲೇ ಇರುವುದರಿಂದ ದಾರಿ ಹುಡುಕುವ ಕೆಲಸ ತಪ್ಪಿತು. "ಶನಿವಾರ ಇಲ್ಲಾ ಭಾನುವಾರ ಹೋಗೋಣ ಕಣೇ, ಮಧ್ಯಾಹ್ನದ ಮೇಲೆ" ಅಂದಳು. ಯಾಕೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಗಿಂಜಾದ ಮುಖ್ಯ ರಸ್ತೆ ಚುವೊ ದೋರಿ. ವಾರಾಂತ್ಯದಲ್ಲಿ ಮತ್ತು ರಜಾದಿನಗಳಲ್ಲಿ ಮಧ್ಯಾಹ್ನ 12 ಗಂಟೆಗೆ ಇಲ್ಲಿ ವಾಹನ ಸಂಚಾರ ನಿಲ್ಲಿಸಿಬಿಡುತ್ತಾರೆ. ಸುಮಾರು ಒಂದು ಕಿಲೋಮೀಟರ್ ಉದ್ದದ ಅಗಲವಾದ ರಸ್ತೆ ಪೂರ್ತಿ ನಡೆಯುವವರಿಗೆ ಸಿಗುತ್ತದೆ. ಈ ಪದ್ಧತಿ ಶುರುವಾಗಿದ್ದು 1970ರಲ್ಲಿ. ನಡುರಸ್ತೆಯಲ್ಲಿ ಕೊಡೆ ನೆಟ್ಟು ಕುರ್ಚಿ ಹಾಕಿರುತ್ತಾರೆ. ಅಜ್ಜ ಅಜ್ಜಿಯರು ಕೂತು ಹರಟುತ್ತಿದ್ದರು. ಮಕ್ಕಳು ಬಿಳಿ ಪಟ್ಟೆಗಳ ಮೇಲೆ ಕುಪ್ಪಳಿಸುತ್ತಿದ್ದರು. ಕಾಸು ಕೊಡದೆ, ಯಾರೂ ಏನೂ ಕೇಳದೆ, ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಶ್ರೀಮಂತರ ಬೀದಿ ಎಂದು ಹೆಸರಾದ ಜಾಗದಲ್ಲಿ ನನಗೆ ಅತಿ ಇಷ್ಟವಾದದ್ದು ಈ ಪುಕ್ಕಟೆ ಕುರ್ಚಿಗಳೇ!

ಗಿಂಜಾ 1ರಿಂದ 8ರವರೆಗೆ ಎಂಟು ಚೋಮೆಗಳಾಗಿ, ಅಂದರೆ ಭಾಗಗಳಾಗಿ ಹಂಚಿಹೋಗಿದೆ. ನಾಲ್ಕನೇ ಚೋಮೆಯ ಚೌಕವೇ ನಡುಮನೆ ಇದ್ದಂತೆ, ಎಲ್ಲರೂ ಅಲ್ಲಿಗೇ ಬಂದು ಸೇರುತ್ತಾರೆ. ಚೌಕದ ಮೂಲೆಯಲ್ಲಿ ದುಂಡನೆಯ ಮುಂಭಾಗದ ಕಲ್ಲಿನ ಕಟ್ಟಡ, ತಲೆಯ ಮೇಲೆ ಗಡಿಯಾರದ ಗೋಪುರ. ಸೈಕೋ ಗಡಿಯಾರ ಕಂಪನಿಯ ಸ್ಥಾಪಕ ಹತ್ತೋರಿ ಕಿಂತಾರೊ ಅವರ ಸಂಸ್ಥೆ 1932ರಲ್ಲಿ ಕಟ್ಟಿಸಿದ್ದು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಸುತ್ತಮುತ್ತ ಎಷ್ಟೋ ಕಟ್ಟಡ ಹೋದರೂ ಇದು ಉಳಿಯಿತು. ಅದಕ್ಕೂ ಹಿಂದಿನ ಗಿಂಜಾ ಮಾತ್ರ ಈಗ ಕಣ್ಣಿಗೆ ಬೀಳುವುದಿಲ್ಲ. 1872ರ ಬೆಂಕಿಯಲ್ಲಿ ಮರದ ಮನೆಗಳೆಲ್ಲ ಸುಟ್ಟವು. ಆಮೇಲೆ ಐರಿಷ್ ಎಂಜಿನಿಯರ್ ಥಾಮಸ್ ವಾಟರ್ಸ್ ರೂಪಿಸಿದ ಇಟ್ಟಿಗೆ ಪೇಟೆ ಎದ್ದಿತು. 1923ರ ಭೂಕಂಪದಲ್ಲಿ ಅದೂ ಹೋಯಿತು.

ಕ್ಯುಕ್ಯೊದೊ ಇದೇ ಚೌಕದಲ್ಲಿ, ಗಡಿಯಾರದ ಎದುರು. ಕೆಂಪು ಇಟ್ಟಿಗೆ ಮುಖದ ಕಟ್ಟಡ. 1663ರಲ್ಲಿ ಕ್ಯೋಟೋದಲ್ಲಿ ಔಷಧಿ ಅಂಗಡಿಯಾಗಿ ಶುರುವಾದದ್ದು. ಒಳಗೆ ಕಾಲಿಟ್ಟ ಕೂಡಲೇ ಗಂಧದ ವಾಸನೆ. ಕೆಳಗಿನ ಮಹಡಿಯಲ್ಲಿ ಋತುವಿಗೆ ತಕ್ಕ ಕಾರ್ಡುಗಳು, ಕಾಗದ ಅಂಟಿಸಿದ ಪುಟ್ಟ ಪೆಟ್ಟಿಗೆಗಳು. ಮೇಲೆ ಕುಂಚಗಳು ಸಾಲುಸಾಲು. ನಾನು ಕೊಂಡದ್ದು ಊದುಬತ್ತಿಯ ಒಂದು ಸಣ್ಣ ಪೊಟ್ಟಣ, ಅಲ್ಲಿದ್ದವುಗಳಲ್ಲಿ ತೀರಾ ಅಗ್ಗದ್ದು. ಗಲ್ಲೆಯಲ್ಲಿದ್ದ ಹೆಂಗಸು ಕಾಗದವನ್ನು ಓರೆಯಾಗಿ ಹಾಸಿ, ಪೊಟ್ಟಣವನ್ನು ಮೂಲೆಯಿಂದ ಉರುಳಿಸುತ್ತ ಹೋದರು. ಪ್ರತಿ ಮಡಿಕೆಯನ್ನೂ ಉಗುರಿನಿಂದ ತೀಡಿದರು. ಕೊನೆಗೆ ಒಂದೇ ಒಂದು ತುಂಡು ಟೇಪು. ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಕೊಟ್ಟರು. ಆಮೇಲೆ ಬಂದ ಗಿರಾಕಿ ಕೈತುಂಬ ಸಾಮಾನು ತಂದಿದ್ದರು. ಅವರಿಗೂ ಅಷ್ಟೇ ಹೊತ್ತು, ಅಷ್ಟೇ ಅಚ್ಚುಕಟ್ಟು.

ರಸ್ತೆ ದಾಟಿ ಕಿಮುರಾಯಾಗೆ ಹೋದೆವು. ಇದು 1869ರಲ್ಲಿ ಶುರುವಾದ ಬೇಕರಿ. ಕಿಮುರಾ ಯಾಸುಬೆಯಿ ಎಂಬ ಮಾಜಿ ಸಮುರಾಯ್ ಶುರು ಮಾಡಿದ್ದು. ಆಗಿನ ಜಪಾನಿನವರಿಗೆ ಪಾಶ್ಚಾತ್ಯ ಬ್ರೆಡ್ಡು ರುಚಿಸುತ್ತಿರಲಿಲ್ಲ. ಹಾಗಾಗಿ ಅನ್ನ ಮತ್ತು ಕೋಜಿಯಿಂದ (ಬೂಷ್ಟು ಬೆಳೆಸಿದ ಅಕ್ಕಿ) ಮಾಡಿದ ಹುದುಗಿನಲ್ಲಿ ಹಿಟ್ಟು ಉಬ್ಬಿಸಿ, ಒಳಗೆ ಸಿಹಿ ಕೆಂಪು ಕಾಳಿನ ಹೂರಣ ತುಂಬಿದರು. 1874ರಲ್ಲಿ ಹುಟ್ಟಿದ ಈ ಬನ್ನಿನ ಹೆಸರು ಅನ್‌ಪಾನ್. ಮರುವರ್ಷ ಮೇಜಿ ಚಕ್ರವರ್ತಿಗೆ ಒಪ್ಪಿಸುವಾಗ ಬನ್ನಿನ ನಡುವೆ ಗುಂಡಿ ಒತ್ತಿ, ಉಪ್ಪಿನಲ್ಲಿ ಹಾಕಿಟ್ಟ ಚೆರ್ರಿ ಹೂವನ್ನು ಇಟ್ಟರಂತೆ. ಇವತ್ತಿಗೂ ಹಾಗೇ ಇಡುತ್ತಾರೆ. ಹೂವು ಬರುವುದು ನಾರಾದ ಯೋಶಿನೋದಿಂದ.

ಬನ್ನು ಅಂಗೈಯ ಅರ್ಧದಷ್ಟೂ ಇಲ್ಲ. ಮೇಲೆ ಕಂದು ಹೊಳಪು, ನಡುವಿನ ಹೊಕ್ಕುಳಲ್ಲಿ ಮುದುಡಿದ ಗುಲಾಬಿ ಬಣ್ಣದ ಚೆರ್ರಿ ಹೂವು. ಮುರಿದರೆ ಅಕ್ಕಿಯ ಮದ್ಯದ ತೆಳುವಾದ ಘಮ. ಮೊದಲು ಸಿಹಿ, ತಕ್ಷಣ ಹೂವಿನ ಉಪ್ಪು, ಮತ್ತೆ ಸಿಹಿ. ಆ ಉಪ್ಪೇ ಇದರ ಜೀವಾಳ. ಅದಿಲ್ಲದಿದ್ದರೆ ಎರಡನೇ ಬನ್ನು ತಿನ್ನಲು ಆಗುತ್ತಿರಲಿಲ್ಲ. ಬೆಲೆ 200 ಯೆನ್ ಆಸುಪಾಸು. ಇದೇ ಬೀದಿಗಳಲ್ಲಿ ಒಂದು ಖರಬೂಜದ ಹಣ್ಣಿಗೆ 10,000 ಯೆನ್‌ಗೂ ಜಾಸ್ತಿ ಕೊಡುವವರಿದ್ದಾರೆ. ಪೆಟ್ಟಿಗೆಯಲ್ಲಿ ಕೂರಿಸಿದ ಆ ಹಣ್ಣು ಚಂದವೇ, ಆದರೆ ನನ್ನ ಮನಸ್ಸು ಬನ್ನಿನ ಕಡೆಗೇ.

ಎರಡನೇ ಚೋಮೆಯಲ್ಲಿ ಇತೋಯಾ. ದೊಡ್ಡ ಕೆಂಪು ಪೇಪರ್ ಕ್ಲಿಪ್ಪೇ ಅದರ ಗುರುತು. 1904ರಿಂದ ಪೆನ್ನು, ಕಾಗದ, ನೋಟ್‌ಬುಕ್ಕು ಮಾರುತ್ತಿದ್ದಾರೆ. ಮಹಡಿಯ ಮೇಲೆ ಮಹಡಿ, ಬರೀ ಬರೆಯುವ ಸಾಮಾನು. ಅಲ್ಲೇ ಕೂತು ಕಾಗದ ಬರೆದು ಅಲ್ಲಿನ ಅಂಚೆ ಡಬ್ಬಿಗೆ ಹಾಕುವ ಅನುಕೂಲವೂ ಇದೆ. ಅಮ್ಮನಿಗೊಂದು ಕಾರ್ಡು ಬರೆದೆವು. ಅಕ್ಕ ಮುಕ್ಕಾಲು ಜಾಗ ತಾನೇ ತುಂಬಿಸಿದಳು.

ನಡೆಯುತ್ತ ತಲೆ ಎತ್ತಿದರೆ ಆಕಾಶ ಧಾರಾಳವಾಗಿ ಕಾಣುತ್ತದೆ. ಚುವೊ ದೋರಿಯ ಕಟ್ಟಡಗಳು ಹೆಚ್ಚೂಕಡಿಮೆ ಒಂದೇ ಎತ್ತರ. 56 ಮೀಟರ್ ಮಿತಿ. ಇಲ್ಲಿ ಗಗನಚುಂಬಿ ಕಟ್ಟುವ ಪ್ರಸ್ತಾಪ ಬಂದಾಗ ಅಂಗಡಿಯವರೇ ಒಗ್ಗಟ್ಟಾಗಿ ಬೇಡ ಅಂದರು. 2017ರಲ್ಲಿ ಬಂದ ಗಿಂಜಾ ಸಿಕ್ಸ್ ಎಂಬ ಭಾರಿ ಮಳಿಗೆಯೂ ಆ ಮಿತಿಯೊಳಗೇ ಇದೆ. ಅದರ ನೆಲಮಾಳಿಗೆಯಲ್ಲಿ ‘ನೋ’ ಎಂಬ ಹಳೇ ಜಪಾನಿ ಮುಖವಾಡದ ನಾಟಕದ ರಂಗಮಂದಿರ, ತಾರಸಿಯಲ್ಲಿ ಎಲ್ಲರಿಗೂ ತೆರೆದ ತೋಟ. ನೆಲಕ್ಕೆ ಇಷ್ಟು ಬೆಲೆಯಿರುವ ಕಡೆ ಎತ್ತರ ಬೇಡ ಅನ್ನುವುದು ಸಣ್ಣ ಮಾತಲ್ಲ. ಹಳೇ ಅಂಗಡಿಗಳು ಬಾಳುತ್ತಿರುವುದರಲ್ಲಿ ಈ ಹಟದ ಪಾಲೂ ಇದೆ ಅಂತ ನನಗನ್ನಿಸುತ್ತದೆ. ಇನ್ನೊಂದು ಕಟ್ಟಡದ ತಾರಸಿಯಲ್ಲಿ 2006ರಿಂದ ಜೇನು ಸಾಕುತ್ತಿದ್ದಾರೆ. ಹುಳುಗಳು ಚಕ್ರವರ್ತಿಯ ಅರಮನೆಯ ತೋಟದವರೆಗೂ ಹೋಗಿ ಬರುತ್ತವೆ. ಆ ಜೇನುತುಪ್ಪ ಗಿಂಜಾದ ಸಿಹಿ ಅಂಗಡಿಗಳಿಗೇ ಹೋಗುತ್ತದೆ.

ಏಳನೇ ಚೋಮೆಯಲ್ಲಿ ಅಕ್ಕ ನನ್ನನ್ನು ಎರಡು ಕಟ್ಟಡಗಳ ಸಂದಿಯೊಳಗೆ ನುಗ್ಗಿಸಿದಳು. ಎದುರಿಂದ ಯಾರಾದರೂ ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ಒಳಗೆ ತೊಯೊಇವಾ ಇನಾರಿ ಗುಡಿ. ಇನಾರಿ ಭತ್ತದ ಬೆಳೆಯ ದೇವತೆ, ಅದರ ದೂತರು ನರಿಗಳು, ಅವುಗಳ ಮೂರ್ತಿಗಳೂ ಅಲ್ಲಿವೆ. ಕಚೇರಿಯ ಉಡುಪಿನ ಒಬ್ಬ ಹುಡುಗಿ ಬಂದು, ಕೈಮುಗಿದು, ಸರಸರ ಹೊರಟುಹೋದಳು.

ನಾವು ಹೋಗಿದ್ದು ಮೇ ತಿಂಗಳು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ 6ಕ್ಕೆ, ಉಳಿದ ತಿಂಗಳು 5ಕ್ಕೆ ರಸ್ತೆ ಮತ್ತೆ ವಾಹನಗಳಿಗೆ ಹೋಗುತ್ತದೆ. ಹೊತ್ತಾಗುತ್ತಿದ್ದಂತೆ ಕುರ್ಚಿ, ಕೊಡೆ ಎಲ್ಲ ಮಾಯ. ನಾವು ಕಬುಕಿಜಾ ಕಡೆ ತಿರುಗಿದೆವು, ಕಬುಕಿ ಎಂಬ ಹಳೇ ಜಪಾನಿ ನಾಟಕದ ರಂಗಮಂದಿರ ಅದು. 1889ರಲ್ಲಿ ಶುರುವಾದದ್ದು, ಈಗಿನ ಕಟ್ಟಡ 2013ರದು. ಇಡೀ ಆಟ ನೋಡಲು ನಾಲ್ಕೈದು ಗಂಟೆ ಬೇಕು, ಟಿಕೆಟ್ಟೂ ದುಬಾರಿ. ಒಂದೇ ಅಂಕ ನೋಡುವವರಿಗೆಂದು ನಾಲ್ಕನೇ ಮಹಡಿಯಲ್ಲಿ ಕಡಿಮೆ ದರದ ಸೀಟುಗಳಿವೆ. ಅಕ್ಕ ಹಿಂದಿನ ದಿನವೇ ಆನ್‌ಲೈನಿನಲ್ಲಿ ತೆಗೆದಿಟ್ಟಿದ್ದಳು. ವೇದಿಕೆ ದೂರ, ಮಾತು ಒಂದೂ ಅರ್ಥವಾಗಲಿಲ್ಲ. ಆದರೆ ಮುಖ್ಯ ನಟ ಕಣ್ಣು ಹೊರಳಿಸಿ ಗಕ್ಕನೆ ನಿಂತಾಗ, ನಮ್ಮ ಹಿಂದಿನಿಂದಲೇ ಒಬ್ಬರು ಆತನ ಮನೆತನದ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ನಾನು ಬೆಚ್ಚಿಬಿದ್ದೆ. "ಹೀಗೆ ಕೂಗೋ ರಸಿಕರು ಕೂರೋದೇ ಮೇಲಿನ ಸೀಟುಗಳಲ್ಲಿ ಕಣೇ" ಅಂದಳು ಅಕ್ಕ, ಕಿವಿಯಲ್ಲಿ.