ಬಿದ್ರಿಯ ಕರಿ ಕೈಗೆ ಸಿಕ್ತು, ಬ್ಯಾಚ್ ಓಡ್ತು

ಬಿದ್ರಿ ಸಾಮಾನಿನ ಕ್ಯಾಟಲಾಗ್ ಫೋಟೋ ಫೋಲ್ಡರ್ ಫೋಟೋಶಾಪ್ ಬ್ಯಾಚ್ (ಇಡೀ ಫೋಲ್ಡರಿಗೆ ಒಂದೇ ಆ್ಯಕ್ಷನ್ ಓಡಿಸೋದು) ಹಾಕಿದ್ರ ಕೊನಿಗೂ ಒಂದೇ ರನ್‌ದಾಗ ಮುಗೀಲಿಕತ್ತದ. ಆ್ಯಕ್ಷನ್ (ಒಮ್ಮೆ ಮಾಡಿದ ಸ್ಟೆಪ್ ಮತ್ತ ಮತ್ತ ಓಡಿಸೋ ಪಟ್ಟಿ) ರೆಕಾರ್ಡ್ ಮಾಡೋ ಪಾಠ ಇಲ್ಲಿ ಬ್ಯಾಡ, ಅದು ಎಲ್ಲಾರಿಗೂ ಗೊತ್ತದ. ತಲಿ ತಿಂದದ್ದು ಆ ಕರಿ ಬಣ್ಣ ಒಂದೇ.

ಬಿದ್ರಿ ಅಂದ್ರ ಸತು-ತಾಮ್ರದ ಮಿಶ್ರಲೋಹ, ಅದರಾಗ ಕೂಡಿಸಿದ ಬೆಳ್ಳಿ ತಂತಿ. ಬೀದರ್ ಕೋಟೆ ಮಣ್ಣು, ನವಸಾಗರ ಕಲಸಿದ ನೀರಿನಾಗ ಹಾಕಿದ್ರ ಲೋಹ ಕರ್ರಗಾಗ್ತದ, ಬೆಳ್ಳಿ ಹಂಗೇ ಉಳೀತದ. ಹಿಸ್ಟೋಗ್ರಾಮ್‌ದಾಗ (ಕರಿಯಿಂದ ಬಿಳಿತನಕ ಪಿಕ್ಸೆಲ್ ಎಣಿಸಿದ ನಕ್ಷಿ) ನೋಡ್ರಿ: ಎಡಕ್ಕ ಒಂದು ಗುಡ್ಡ, ಬಲಕ್ಕ ಬೆಳ್ಳಿಯ ಸಣ್ಣ ಗೆರಿ, ನಡುವ ಬಯಲು. ಇಂಥಾ ಫೈಲಿಗೆ ಆಟೋ ಟೋನ್ (ಕರಿ-ಬಿಳಿ ತಾನೇ ಹೊಂದಿಸೋ ಹುಕುಂ) ಸ್ಟೆಪ್ ಇಟ್ರ ಕಥಿ ಮುಗೀತು.

ಯಾಕಂದ್ರ ಆಟೋ ಟೋನ್ ಆ್ಯಕ್ಷನ್‌ದಾಗ ಅಂಕಿಯಾಗಿ ಕೂಡಲ್ಲ, ಬರೇ ಹುಕುಂ ಆಗಿ ಕೂಡ್ತದ. ಪ್ರತಿ ಫೈಲಿಗೂ ಹೊಸಾ ಲೆಕ್ಕ ಹಾಕಿ ಕೆಂಪು, ಹಸಿರು, ನೀಲಿ ಚಾನೆಲ್ ಬ್ಯಾರೆ ಬ್ಯಾರೆ ಎಳೀತದ. ಡೀಫಾಲ್ಟ್ ಕ್ಲಿಪ್ (ಎರಡೂ ತುದಿಯಾಗ ಕತ್ತರಿಸಿ ಬಿಡೋ ಪಿಕ್ಸೆಲ್) ಶೇ 0.1. ಫ್ರೇಮ್ ತುಂಬ ತಟ್ಟೆ ಇದ್ರ ಒಂದು ಕರಿ, ಬೂದು ಬಟ್ಟಿ ಮ್ಯಾಲ ಸಣ್ಣ ಪಾನದಾನ ಇದ್ರ ಇನ್ನೊಂದು ಕರಿ. ಜೋಡಿ ಹೂದಾನಿಯೊಳಗ ಒಂದು ಇದ್ದಿಲು, ಮತ್ತೊಂದು ನೀಲಿ ಶಾಯಿ! ಗಿರಾಕಿ ಎರಡೂ ಬ್ಯಾರೆ ಮಾಲು ಅಂತಾನ, ಅವನ ತಪ್ಪಿಲ್ಲ.

ಆಟೋ ಕಿತ್ತು ಒಗದು ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ (ಬೆಳಕಿನ ಅಂಕಿ ಬದಲಿಸೋ ಪದರ; 0 ಕರಿ, 255 ಬಿಳಿ) ಇಡ್ರಿ. ಇನ್‌ಪುಟ್ 30ಕ್ಕ ಔಟ್‌ಪುಟ್ 22, 225ಕ್ಕ 225, ನಡುವ 110ಕ್ಕ 110 ಒಂದು ಚುಕ್ಕಿ. ಅದಿಲ್ಲಂದ್ರ ಮಿಡ್‌ಟೋನ್ ಬಾಗ್ತದ. ಕರ್ವ್ಸ್ ಅಂಕಿ ಸಮೇತ ರೆಕಾರ್ಡ್ ಆಗ್ತದ, ಎಲ್ಲಾ ಫೈಲಿಗೂ ಅದೇ ಬೀಳ್ತದ. 22ಕ್ಕಿಂತ ಬಾಳ ಕೆಳಗ ಇಳಿಸಬ್ಯಾಡ್ರಿ, ಕರಿ ಮೈ ಮ್ಯಾಲಿನ ಸಣ್ಣ ಗೀರು, ಕೆತ್ತನಿ ಮುಚ್ಚಿಹೋಗ್ತವ.

ಆದ್ರ ಕರ್ವ್ ಒಂದೇ ಅಂದ್ರ ಎಕ್ಸ್‌ಪೋಷರೂ ಒಂದೇ ಇರಬೇಕು. ಎಂ (ಮ್ಯಾನುಯಲ್) ಮೋಡ್, ಐಎಸ್‌ಒ 100, ಎಫ್/11, ಟ್ರೈಪಾಡ್; ಶಟರ್ ಬೆಳ್ಳಿ ನೋಡಿ ಹಿಡೀರಿ, ಕರಿ ನೋಡಿ ಅಲ್ಲ. ಬೆಳಕು ಸರಿಸಿದಾಗೆಲ್ಲ ಮೊದಲ ಫ್ರೇಮಿನಾಗ ಗ್ರೇ ಕಾರ್ಡ್ (ಬಣ್ಣ ಸರಿ ಮಾಡ್ಲಿಕ್ಕೆ ಇಡೋ ಬೂದು ಕಾರ್ಡ್) ಇಟ್ಟು, ಕ್ಯಾಮೆರಾ ರಾದಾಗ (ರಾ ಫೈಲ್ ತೆರೆಯೋ ವಿಂಡೋ) ವೈಟ್ ಬ್ಯಾಲೆನ್ಸ್ ಐಡ್ರಾಪರ್ ಅದರ ಮ್ಯಾಲ ಒತ್ತಿ, ಅದೇ ಸೆಟ್ಟಿಂಗ್ ಉಳಿದ ಫೈಲಿಗೆ ಸಿಂಕ್.

ಗ್ರೇ ಕಾರ್ಡ್ ಅಂದಕೂಡ್ಲೆ ಅದನ್ನ ಮಾರಿದ ಪುಣ್ಯಾತ್ಮನಿಗೊಂದು ಶರಣು. ಶೇ 18 (ಬಿದ್ದ ಬೆಳಕಿನಾಗ ವಾಪಸ್ ಕೊಡೋ ಪಾಲು) ಅಂತ ಬರಕೊಂಡು ಬಂದದ್ದು ಲ್ಯಾಮಿನೇಟ್ ಮಾಡಿದ ಬೂದು ಹಾಳಿ. ಕಿಟಕಿ ಕಡಿ ತಿರುವಿದ್ರ ಅದರಾಗ ತಲಿ ಬಾಚ್ಕೋಬಹುದು! ಹೊಳಪಿದ್ರ ಐಡ್ರಾಪರ್ ಓದೋದು ಆಕಾಶದ ನೀಲಿ, ಕಾರ್ಡಿನ ಬೂದು ಅಲ್ಲ. ಇಡೀ ಸೆಟ್ ಹಳದಿಗೆ ವಾಲ್ತದ. ವಾಪಸ್ ಕೇಳಿದ್ರ "ಸೀಲ್ ಒಡದದ ಸರ್" ಅಂತ. ಮ್ಯಾಟ್ ಕಾರ್ಡೇ ಕೇಳಿ ತಗೋರಿ.

ಇದೇ ಕರ್ವ್ ಬೀದರ್ ಕೋಟೆಯೊಳಗಿನ ರಂಗೀನ್ ಮಹಲಿನ ಫೋಟೋಕ್ಕೂ ಹಾಕಬೇಕಂತ ಆಸಿ ಅದ. ಅಲ್ಲೂ ಕರಿಕಲ್ಲು, ಅದರಾಗ ಕೂಡಿಸಿದ ಮುತ್ತಿನ ಚಿಪ್ಪು. ಆದ್ರ ಚಿಪ್ಪು ಕೋನ ಬದಲಾದ್ರ ಬಣ್ಣ ಬದಲಿಸ್ತದ, ಒಂದು ಕರ್ವ್‌ಗೆ ಬಗ್ಗೋ ಜಾತಿ ಅಲ್ಲ. ಆ್ಯಕ್ಷನ್ ಒಳಗಿನ "ಹಿಂಗಿದ್ರ ಹಿಂಗ ಮಾಡು" ಅನ್ನೋ ಸ್ಟೆಪ್, ಇನ್ಸರ್ಟ್ ಕಂಡೀಷನಲ್‌ಗೆ ಫೋಟೋ ಅಡ್ಡನೋ ಉದ್ದನೋ, ಎಷ್ಟು ಬಿಟ್ ಅಂತ ಕೇಳ್ಲಿಕ್ಕೆ ಬರ್ತದ, ಹೊಳಪು ಎಷ್ಟದ ಅಂತ ಕೇಳ್ಲಿಕ್ಕೆ ಬರಲ್ಲ. ಹಂಗಾಗಿ ಗೋಡಿಗೊಂದು ಫೋಲ್ಡರ್, ಫೋಲ್ಡರಿಗೊಂದು ಕರ್ವ್. ಟ್ರೈಪಾಡಿಗೆ ಪುರಾತತ್ವ ಇಲಾಖೆ ಅನುಮತಿ ಬ್ಯಾರೆ ಬೇಕು.

ಇತ್ತ ಬ್ಯಾಚಿಗೆ ಬರೋಣ. ನಿಂತ ಸುರಾಹಿಗೂ ಅಡ್ಡ ತಟ್ಟಿಗೂ ಫಿಟ್ ಇಮೇಜ್ 2048 × 2048 (ಉದ್ದನ ಬದಿ 2048 ಪಿಕ್ಸೆಲ್‌ಗೆ ಹೊಂದಿಸೋದು) ಸಾಕು. ವಾಟರ್‌ಮಾರ್ಕ್ ಮೂವ್ ಟೂಲ್ ಹಿಡಿದು ಎಳೀಬ್ಯಾಡ್ರಿ, ಎಷ್ಟು ಪಿಕ್ಸೆಲ್ ಸರಿಸಿದ್ರಿ ಅಷ್ಟೇ ರೆಕಾರ್ಡ್ ಆಗಿ ಉದ್ದ ಫೋಟೋದಾಗ ಎಲ್ಲೋ ಹೋಗಿ ಕೂಡ್ತದ. ಸೆಲೆಕ್ಟ್ ಆಲ್ ಮಾಡಿ, ಅಲೈನ್ ಲೇಯರ್ಸ್ ಟು ಸೆಲೆಕ್ಷನ್‌ದಾಗ ಬಲ ಅಂಚು, ಕೆಳ ಅಂಚು ಕೊಡ್ರಿ. ಆಮ್ಯಾಲ ಫ್ಲಾಟನ್ (ಲೇಯರ್ ಎಲ್ಲಾ ಒಂದು ಮಾಡೋದು), ವೆಬ್ಬಿನ ಬಣ್ಣದ ಪದ್ಧತಿ ಎಸ್‌ಆರ್‌ಜಿಬಿ, 8 ಬಿಟ್, ಕ್ವಾಲಿಟಿ 10ರ ಜೆಪೆಗ್. ಲೇಯರ್ ಉಳಿದ್ರ ಹೊಸ ಆವೃತ್ತಿಯ ಸೇವ್ ಆಸ್ ಪಟ್ಟಿದಾಗ ಜೆಪೆಗ್ ಹೆಸರೇ ಕಾಣಲ್ಲ.

ಸೇವ್ ಆಸ್ ರೆಕಾರ್ಡ್ ಮಾಡುವಾಗ ಫೈಲ್ ಹೆಸರು ಮುಟ್ಟಬ್ಯಾಡ್ರಿ, ಬ್ಯಾಚ್ ವಿಂಡೋದಾಗ "ಓವರ್‌ರೈಡ್ ಆ್ಯಕ್ಷನ್ ಸೇವ್ ಆಸ್ ಕಮಾಂಡ್ಸ್" ಟಿಕ್ ಮರೀಬ್ಯಾಡ್ರಿ. ಹೆಸರು ಮುಟ್ಟಿ ಟಿಕ್ ಬಿಟ್ರ ಒಂದರ ಮ್ಯಾಲೊಂದು ಬರದು ಕಡೀಕ ಒಂದೇ ಫೈಲ್ ಉಳೀತದ. ಸೇವ್ ಸ್ಟೆಪ್ಪೇ ಇಲ್ಲದ ಆ್ಯಕ್ಷನ್‌ಗೆ ಟಿಕ್ ಹಾಕಿದ್ರ ಅದೂ ಉಳಿಯಲ್ಲ. ಎರರ್ಸ್ ಅನ್ನೋ ಕಡಿ "ಲಾಗ್ ಎರರ್ಸ್ ಟು ಫೈಲ್" ಇಡ್ರಿ. "ಸ್ಟಾಪ್ ಫಾರ್ ಎರರ್ಸ್" ಇದ್ರ ಒಂದು ಕೆಟ್ಟ ಫೈಲಿಗೆ ಇಡೀ ರಾತ್ರಿ ಓಕೆ ಒತ್ತೋರಿಗಾಗಿ ಕಾಯ್ಕೊಂತ ಕೂಡ್ತದ.